ಒಂದು ಚೊಂಬು ನೀರು

ಕೋಲಾರದಲ್ಲಿ ಹೂಗಿಡ ಬೆಳೆಸುತ್ತೇನೆ ಅಂದರೆ ಜನ ಯಾವ ಹೂವು ಅಂತ ಕೇಳುವುದಿಲ್ಲ. "ನೀರಿಗೇನು ಮಾಡ್ತೀರಿ?" ಅಂತಾರೆ. ಕೇಳಬೇಕಾದ್ದೇ. ವರ್ಷವಿಡೀ ಹರಿಯುವ ಒಂದು ನದಿಯೂ ಈ ಜಿಲ್ಲೆಯಲ್ಲಿಲ್ಲ. ಪಾಲಾರ್ ಇದೆ, ಆದರೆ ಅದರ ನೀರಿಗಿಂತ ಮರಳು ಕಂಡವರೇ ಜಾಸ್ತಿ. ಬೋರ್‌ವೆಲ್ ಸಾವಿರ ಅಡಿ ದಾಟಿತು ಅಂದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ್ದು ನೋಡಿದರೆ ಖುಷಿಯೇ. ನಮ್ಮ ಮನೆ ಸಂಪು ಮಾತ್ರ ಇನ್ನೂ ಟ್ಯಾಂಕರ್‌ನವರ ದಯೆಯಲ್ಲೇ ಇದೆ.

ಆದರೂ ನೀರಿಲ್ಲದ ಊರಲ್ಲಿ ಗಿಡ ಸಾಯುವುದು ಬಾಯಾರಿಕೆಯಿಂದಲೇ ಅಂದುಕೊಳ್ಳಬೇಡಿ. ಅರ್ಧಕ್ಕರ್ಧ ಸಾಯುವುದು ಪ್ರೀತಿಯಿಂದ. ಬೇಸಿಗೆ ಬಂತೆಂದರೆ ಬೀದಿಗೊಂದು ಅರವಟ್ಟಿಗೆ ಇಡುವ ಜನ ನಾವು. ಬಾಡಿದ ಎಲೆ ಕಂಡರೆ ಕೈ ತಾನಾಗಿ ಚೊಂಬಿನ ಕಡೆ ಹೋಗುತ್ತದೆ. ನೀರು ಕೊಡದಿದ್ದರೆ ಪಾಪ ಅಲ್ವಾ?

ಕಾಗದದ ಹೂವನ್ನೇ (ಬೋಗನ್‌ವಿಲ್ಲಾ) ನೋಡಿ. ಗುಲಾಬಿ ಬಣ್ಣದ್ದೆಲ್ಲ ಹೂವಲ್ಲ, ಬಣ್ಣ ತಿರುಗಿದ ಎಲೆ. ಹತ್ತಿರ ಹೋಗಿ ಒಂದು ಗೊಂಚಲು ಬಿಡಿಸಿದರೆ, ಮೂರು ಎಲೆಗಳ ನಡುವೆ ಬೆಂಕಿಕಡ್ಡಿಯಷ್ಟು ಸಣ್ಣ ಕೊಳವೆಗಳು, ತುದಿಯಲ್ಲಿ ಬಿಳಿ ಬಾಯಿ. ಅದು ನಿಜವಾದ ಹೂವು. ಈ ಗಿಡಕ್ಕೆ ದಿನಾ ನೀರು ಸುರಿದರೆ ಹಸಿರು ಎಲೆ, ಮುಳ್ಳು ಬಿಟ್ಟುಕೊಂಡು ಆರಾಮಾಗಿ ಇರುತ್ತದೆ. ನೀರು ನಿಲ್ಲಿಸಿ, ಮಣ್ಣು ಒಣಗಲು ಬಿಡಿ. ಆಗ ಮೈತುಂಬ ಬಣ್ಣ. ಏಪ್ರಿಲ್ ಬಿಸಿಲಿಗೆ ನಾವೆಲ್ಲ ಮುಖ ಕಿವುಚಿಕೊಂಡು ಓಡಾಡುವಾಗ ಅದಕ್ಕೆ ಮದುವೆ ಮನೆಯ ಸಂಭ್ರಮ.

ಮಿಕ್ಕವರು ಇಷ್ಟು ಹಟಮಾರಿಗಳಲ್ಲ. ನಿತ್ಯಪುಷ್ಪ, ದೇವಕಣಗಿಲೆ, ಲೋಳೆಸರ, ಮೂಲೆಯಲ್ಲೊಂದು ನುಗ್ಗೆ. ಗೇಟಿನ ಹೊರಗೆ ಕಣಗಿಲೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದು ವಿಷ, ಅದೂ ಮುಟ್ಟಲ್ಲ. ಬೇಲಿಗೆ ಇನ್ನೇನು ಬೇಕು?

ಬೇಸಿಗೆಯ ಲೆಕ್ಕ ಸುಲಭ. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿ ಬೇಡ, ಬಿಸಿಲಿಗೆ ಹಾಗಾಗುತ್ತದೆ. ಬೆಳಗ್ಗೆಯೂ ಹಾಗೇ ಇದ್ದರೆ ನೀರು ಕೊಡಿ. ದಿನಕ್ಕೊಂದು ಚೊಂಬು ಹಾಕಿದರೆ ಬೇರು ಮೇಲುಮೇಲೆಯೇ ಓಡಾಡುತ್ತದೆ. ವಾರಕ್ಕೊಮ್ಮೆ ಬಕೆಟ್ ತುಂಬ ಹೊಯ್ದರೆ ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ. ಬುಡಕ್ಕೆ ಮಾವಿನ ತರಗೆಲೆ ಹೊದಿಸಬೇಕು, ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲ. ಕಷ್ಟ ಇರೋದು ಮನೆಯವರನ್ನು ಒಪ್ಪಿಸುವುದರಲ್ಲಿ. ಅಂಗಳ ಗುಡಿಸಿ ರಂಗೋಲಿ ಹಾಕುವ ನಮ್ಮಮ್ಮನಿಗೆ ಅದು ಶುದ್ಧ ಕಸ. "ಬಾಗಿಲ ಮುಂದೆ ತಿಪ್ಪೆ ಇಟ್ಕೊಂಡಿದ್ದೀಯಲ್ಲೋ" ಅಂತ ಪೊರಕೆ ಹಿಡಿದೇ ಮಾತಾಡುತ್ತಾರೆ.

ಭರಣಿ ಮಳೆ ಬಿದ್ದರೆ ಅರ್ಧ ಗೆದ್ದಂತೆ. ಆಮೇಲಿನ ಮಳೆಗಳು ಆಕಾಶ ತೋರಿಸಿ ಹೋಗುವುದೇ ಜಾಸ್ತಿ. ನಮ್ಮ ಕಡೆ ಗಟ್ಟಿ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಸಾವಿರ ಚದರಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆಯಾದರೆ ಸುಮಾರು 1,800 ಲೀಟರ್ ನೀರು. ದುಡ್ಡು ಕೊಟ್ಟು ಟ್ಯಾಂಕರ್ ತರಿಸುವವರು ಅದನ್ನು ಪೈಪಿನಲ್ಲಿ ಚರಂಡಿಗೆ ಬಿಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಈ ಎರಡು ತಿಂಗಳು ಲೋಳೆಸರದ ಕುಂಡವನ್ನು ಸೂರಿನ ಕೆಳಗೆ ಎಳೆದಿಡಬೇಕು. ಬೇಸಿಗೆ ಗೆದ್ದ ಗಿಡ ಮಳೆಗೆ ಕೊಳೆಯುತ್ತದೆ.

ಕಾಗದದ ಹೂವಿನ ಕಡ್ಡಿ ಊರಿದರೆ ಬೇರು ಬಿಡುವುದೂ ಮಳೆಗಾಲದಲ್ಲೇ ಚೆನ್ನಾಗಿ. ಪಕ್ಕದ ಮನೆಯ ಆಂಟಿಗೆ ಕೊಟ್ಟೆ. ಬೇರು ಹಿಡಿದ ಮೇಲೆ ದಿನಾ ನೀರು ಹಾಕಬೇಡಿ ಅಂತ ಹೇಳಿಯೂ ಕೊಟ್ಟೆ.

"ಅದೆಂಗಪ್ಪಾ ಆಗುತ್ತೆ? ಪೂಜೆ ಆದ್ಮೇಲೆ ಚೊಂಬಲ್ಲಿ ಮಿಕ್ಕ ನೀರನ್ನ ಏನ್ ಮಾಡ್ಲಿ?"

ತುಳಸಿಗೆ ಹಾಕಿ ಅಂದೆ.

"ತುಳಸಿಗೆ ಆಗ್ಲೇ ಹಾಕಿರ್ತೀನಲ್ಲ!"