ಗುಂಡು ಹೊಡೆದರೂ ಸಾಯದವನ ಮುಂದೆ ಕೌಬಾಯ್ ಏನು ಮಾಡಬೇಕು?

ನಿನ್ನೆಯಿಂದ ಎಲ್ಲರೂ ಒಂದೇ ರೀಲನ್ನು ನನಗೆ ಕಳಿಸುತ್ತಿದ್ದಾರೆ. ಜೊತೆಗೆ ‘ನಿನ್ನ ಟೈಪ್ ಸಿನಿಮಾ ನೋಡು ಗುರು’ ಅಂತ ಒಂದು ಸಾಲು, ಬಿದ್ದು ಬಿದ್ದು ನಗುವ ಎಮೋಜಿ. ರೀಲಿನಲ್ಲಿರುವುದು 1966ರ ‘ಬಿಲ್ಲಿ ದಿ ಕಿಡ್ ವರ್ಸಸ್ ಡ್ರಾಕುಲಾ’ ಚಿತ್ರದ ಕೊನೆಯ ಹೊಡೆದಾಟ. ಬಿಲ್ಲಿ, ಅಂದರೆ ಅಮೆರಿಕದ ಹಳೇ ಕಾಲದ ಬಂದೂಕುಗಾರ, ಡ್ರಾಕುಲಾನ ಮೇಲೆ ಗುಂಡಿನ ಮೇಲೆ ಗುಂಡು ಹಾರಿಸುತ್ತಾನೆ. ಆ ಮಹಾರಾಯನಿಗೆ ಏನೂ ಆಗುವುದಿಲ್ಲ. ದಿಕ್ಕು ತೋಚದೆ ಬಿಲ್ಲಿ ಪಿಸ್ತೂಲನ್ನೇ ಅವನತ್ತ ಎಸೆಯುತ್ತಾನೆ. ಡ್ರಾಕುಲಾ ದೊಪ್ಪೆಂದು ಬೀಳುತ್ತಾನೆ! ಗುಂಡಿಗೆ ಬಗ್ಗದವನು ಕಬ್ಬಿಣದ ಏಟಿಗೆ ಮಲಗಿಬಿಟ್ಟ. ಅದರ ಮೇಲೆ ಯಾರೋ ಪುಣ್ಯಾತ್ಮ ನಗುವಿನ ಸೌಂಡ್ ಹಾಕಿ, ‘ಬಜೆಟ್ ಇಲ್ಲದಿದ್ದರೆ ಹಿಂಗೇ ಆಗೋದು’ ಅಂತ ಬರೆದಿದ್ದಾನೆ.

ಆ ಸಾಲು ಓದಿ ನನಗೆ ಪಿತ್ತ ನೆತ್ತಿಗೇರಿತು. ಸಿನಿಮಾ ಕೆಟ್ಟದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಬಜೆಟ್ಟಿಗೂ ಏನು ಸಂಬಂಧ ಸ್ವಾಮಿ? ಪಿಸ್ತೂಲು ಎಸೆಯುವುದಕ್ಕೂ ಎಸೆಯದೇ ಇರುವುದಕ್ಕೂ ಖರ್ಚು ಒಂದೇ. ಅಲ್ಲಿ ಕೊರತೆ ಬಿದ್ದದ್ದು ತಲೆಗೆ, ದುಡ್ಡಿಗಲ್ಲ.

ನಾನು ಯಾಕೆ ಇಷ್ಟು ಕುದಿಯುತ್ತೇನೆ ಅಂತ ಹಳಬರಿಗೆ ಗೊತ್ತು. ಗಾಂಧಿನಗರದಲ್ಲಿ ಕ್ಲಾಪ್ ಹಿಡಿದು ಸವೆದ ಕಾಲ ಅದು. ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆಯಾಗಲಿ ಅಂತ ಕಂಟಿನ್ಯುಟಿ ಬರೆದುಕೊಂಡು, ಬಾಟಾ (ದಿನದ ಭತ್ಯೆ) ಇಲ್ಲದೆ, ಕೊನೆಯ ಬಸ್ಸಿಗೆ ಓಡುತ್ತಿದ್ದವನು ನಾನು. ಹೊಸಬರಿಗೆ ಇಷ್ಟು ಸಾಕು.

ಆ ಸಿನಿಮಾದಲ್ಲಿ ಜನ ನಗುವ ಇನ್ನೊಂದು ಜಾಗ ಇದೆ. ಬಿಸಿಲು ಆಗದ ಡ್ರಾಕುಲಾ ಹಗಲಿನಲ್ಲಿ ಓಡಾಡುತ್ತಾನೆ ಅಂತ. ರಾತ್ರಿ ಅಂದುಕೊಳ್ಳಬೇಕಾದ ದೃಶ್ಯದಲ್ಲೂ ಬಿಸಿಲಿನ ನೆರಳು ಕಾಣುತ್ತದೆ ಅಂತ. ಇದು ಯಾಕೆ ಹೀಗಾಗುತ್ತದೆ ಅಂತ ನಗುವವರಿಗೆ ಗೊತ್ತಾ? ಹೊರಾಂಗಣದಲ್ಲಿ ರಾತ್ರಿ ಶೂಟಿಂಗ್ ಅಂದರೆ ಜನರೇಟರ್ ಬೇಕು, ದೊಡ್ಡ ಲೈಟುಗಳು ಬೇಕು, ಲೈಟ್ ಹುಡುಗರಿಗೆ ಡಬಲ್ ಬಾಟಾ ಬೇಕು, ಮಾರನೇ ಹಗಲು ಯೂನಿಟ್ಟಿಗೆ ರಜೆ ಬೇಕು. ದುಡ್ಡಿಲ್ಲದವನು ಏನು ಮಾಡುತ್ತಾನೆ? ಮಟಮಟ ಮಧ್ಯಾಹ್ನ ಕ್ಯಾಮೆರಾಗೆ ಫಿಲ್ಟರ್ ಹಾಕಿ, ಎಕ್ಸ್‌ಪೋಷರ್ ತಗ್ಗಿಸಿ, ಆಕಾಶ ಫ್ರೇಮಿಗೆ ಬಾರದ ಹಾಗೆ ನೋಡಿಕೊಂಡು ‘ಇದು ರಾತ್ರಿ’ ಅನ್ನುತ್ತಾನೆ. ಇದಕ್ಕೆ ಡೇ ಫಾರ್ ನೈಟ್ ಅಂತ ಹೆಸರು. ದೊಡ್ಡ ದೊಡ್ಡವರೂ ಮಾಡಿದ್ದಾರೆ. ನಾವೂ ಮಾಡಿದ್ದೇವೆ, ರಾಮನಗರದ ಕಡೆ ಬಂಡೆಗಳ ನಡುವೆ. ನಿರ್ಮಾಪಕರು ಜನರೇಟರ್ ವಾಪಸ್ ಕಳಿಸಿಬಿಟ್ಟಿದ್ದರು. ‘ಚಂದ್ರ ಇರೋ ರಾತ್ರಿ ಅಂದ್ಕೊಳ್ತಾರೆ ಬಿಡ್ರೀ’ ಅಂದರು. ಥಿಯೇಟರಿನಲ್ಲಿ ಹೀರೋನ ನೆರಳು ಬಂಡೆಯ ಮೇಲೆ ಕತ್ತರಿಸಿಟ್ಟ ಹಾಗೆ ಬಿತ್ತು. ಜನ ಶಿಳ್ಳೆ ಹೊಡೆದರು, ಅದು ಹೊಗಳಿಕೆಯ ಶಿಳ್ಳೆ ಅಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವತ್ತಿನಿಂದ ಪರದೆಯ ಮೇಲಿನ ಬಡತನಕ್ಕೆ ಯಾರಾದರೂ ನಕ್ಕರೆ ನನ್ನ ಮೈಗೇ ಚುಚ್ಚಿದ ಹಾಗಾಗುತ್ತದೆ. ಇದು ನ್ಯಾಯವಾದ ವಿಮರ್ಶೆಯಲ್ಲ, ಗೊತ್ತು. ಆದರೆ ಇದು ನನ್ನ ಗೋಡೆ.

ಆ ಚಿತ್ರ ಮಾಡಿದವರು ಯಾರು ಅಂತಾದರೂ ತಿಳಿದುಕೊಳ್ಳಿ. ನಿರ್ದೇಶಕ ವಿಲಿಯಂ ಬೋಡಿನ್. ಮೂಕಿ ಕಾಲದಲ್ಲಿ ದೊಡ್ಡ ತಾರೆ ಮೇರಿ ಪಿಕ್‌ಫೋರ್ಡ್‌ಗೆ ‘ಸ್ಪ್ಯಾರೋಸ್’ (1926) ಮಾಡಿದ ಮನುಷ್ಯ. ಎಪ್ಪತ್ತು ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ಕೊರಿಗನ್‌ವಿಲ್‌ನಲ್ಲಿ, ಅಂದರೆ ಕೌಬಾಯ್ ಚಿತ್ರಗಳಿಗೆಂದೇ ಇದ್ದ ರ್‍ಯಾಂಚಿನಲ್ಲಿ, ಎಂಟು ದಿನಕ್ಕೆ ಒಂದು ಸಿನಿಮಾ ಸುತ್ತಿ ಮುಗಿಸುತ್ತಿದ್ದ. ಇದರ ಜೋಡಿ ಚಿತ್ರ ‘ಜೆಸ್ಸಿ ಜೇಮ್ಸ್ ಮೀಟ್ಸ್ ಫ್ರಾಂಕನ್‌ಸ್ಟೈನ್ಸ್ ಡಾಟರ್’. ಎರಡನ್ನೂ ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದರು. ಹೆಸರು ಓದಿದರೇ ಊಟ ಆದ ಹಾಗಾಗುತ್ತದೆ, ಅಲ್ವಾ? ಡ್ರಾಕುಲಾ ಆದವನು ಜಾನ್ ಕ್ಯಾರಡೈನ್. 1939ರ ‘ಸ್ಟೇಜ್‌ಕೋಚ್’ನಲ್ಲಿ ಜೂಜುಕೋರ ಹ್ಯಾಟ್‌ಫೀಲ್ಡ್ ಆಗಿದ್ದವನು. ಆಮೇಲೆ ಯೂನಿವರ್ಸಲ್‌ನ ಎರಡು ಚಿತ್ರಗಳಲ್ಲಿ ಡ್ರಾಕುಲಾ ಆಗಿದ್ದವನು. ವೆಸ್ಟರ್ನ್ (ಅದೇ, ಕೌಬಾಯ್ ಸಿನಿಮಾ) ಗೊತ್ತು, ಡ್ರಾಕುಲಾ ಗೊತ್ತು, ಎರಡೂ ಒಂದೇ ಮೈಯಲ್ಲಿ ಇದ್ದ ನಟ! ಅವನ ಕೈಗೆ ಏನು ಕೊಟ್ಟರು? ಕಣ್ಣು ಅಗಲಿಸಿದಾಗಲೆಲ್ಲ ಮುಖದ ಮೇಲೆ ಒಂದು ಕೆಂಪು ಲೈಟು.

(ನಿಜ ಹೇಳಬೇಕೆಂದರೆ ಆ ಕೆಂಪು ಲೈಟು ನನಗೆ ಬಹಳ ಇಷ್ಟ. ಯಾರಿಗೂ ಹೇಳಬೇಡಿ.)

ಈಗ ವಿಷಯಕ್ಕೆ ಬರುತ್ತೇನೆ. ವೆಸ್ಟರ್ನ್ ನಿಂತಿರುವುದು ಎರಡರ ಮೇಲೆ: ಬಿಸಿಲು ಮತ್ತು ಗುಂಡು. ವ್ಯಾಂಪೈರ್‌ಗೆ, ಅಂದರೆ ಡ್ರಾಕುಲಾನಂಥ ರಕ್ತ ಹೀರುವ ಪಿಶಾಚಿಗೆ, ಗುಂಡು ತಾಗುವುದಿಲ್ಲ, ಬಿಸಿಲು ಆಗುವುದಿಲ್ಲ. ಅಂದರೆ ಇವನು ಊರಿಗೆ ಬಂದ ತಕ್ಷಣ ಕೌಬಾಯ್‌ನ ಕೈಯಲ್ಲಿದ್ದದ್ದೆಲ್ಲ ದಂಡ. ಇಬ್ಬರನ್ನೂ ಒಂದೇ ಕಥೆಗೆ ತಂದವನು ಈ ಎರಡಕ್ಕೆ ಉತ್ತರ ಹುಡುಕಲೇಬೇಕು. ಹುಡುಕಿದರೆ ಸಿನಿಮಾ, ಇಲ್ಲದಿದ್ದರೆ ಪಿಸ್ತೂಲು ಎಸೆತ. ಈ ಹುಡುಕಾಟಕ್ಕೆ ಒಂದು ಪೆನ್ನು, ಒಂದು ನೋಟ್‌ಬುಕ್ ಸಾಕು. ಜನರೇಟರ್ ಬೇಡ.

ಬೇಕಾದರೆ 1959ಕ್ಕೆ ಹೋಗಿ. ‘ಕರ್ಸ್ ಆಫ್ ದಿ ಅನ್‌ಡೆಡ್’. ಕಪ್ಪು ಬಿಳುಪು, ಒಂದೂವರೆ ಗಂಟೆಯೂ ಇಲ್ಲ, ಯೂನಿವರ್ಸಲ್ ಕಂಪನಿ ಅಗ್ಗದಲ್ಲಿ ಮಾಡಿದ್ದು. ಬರೆದವರು ಎಡ್ವರ್ಡ್ ಮತ್ತು ಮಿಲ್ಡ್ರೆಡ್ ಡೀನ್ ದಂಪತಿ. ಇವರು ಮಾಡಿದ ಉಪಾಯ ನೋಡಿ: ವ್ಯಾಂಪೈರನ್ನೇ ಬಾಡಿಗೆ ಬಂದೂಕುಗಾರ ಮಾಡಿಬಿಟ್ಟರು. ತಂದೆಯನ್ನೂ ತಮ್ಮನನ್ನೂ ಕಳೆದುಕೊಂಡ ಹುಡುಗಿಯೊಬ್ಬಳು ಸೇಡಿಗಾಗಿ ಅವನನ್ನು ಕೆಲಸಕ್ಕಿಟ್ಟುಕೊಳ್ಳುತ್ತಾಳೆ. ಮೈಕೆಲ್ ಪೇಟ್ ಆ ಪಾತ್ರ ಮಾಡಿದ್ದಾನೆ, ಕರೀ ಬಟ್ಟೆ, ಮೆಲ್ಲನೆ ಮಾತು, ಕೋರೆಹಲ್ಲಿನ ಆರ್ಭಟ ಇಲ್ಲ. ಎದುರಾಳಿ ಗುರಿ ತಪ್ಪದೆ ಹೊಡೆಯುತ್ತಾನೆ, ಇವನು ನಿಂತೇ ಇರುತ್ತಾನೆ. ಯಾರು ಮೊದಲು ಪಿಸ್ತೂಲು ಎಳೆಯುತ್ತಾರೆ ಅನ್ನುವುದೇ ವೆಸ್ಟರ್ನ್‌ನ ಪ್ರಾಣ, ಅಲ್ವಾ? ಸಾಯದವನಿಗೆ ಅವಸರ ಯಾಕೆ? ಒಂದು ಸ್ಪೆಷಲ್ ಎಫೆಕ್ಟ್ ಇಲ್ಲದೆ ಇಡೀ ಪ್ರಕಾರದ ಬುಡವನ್ನೇ ಅಲ್ಲಾಡಿಸಿಬಿಟ್ಟರು.

ಅವನು ವ್ಯಾಂಪೈರ್ ಆದ ಕಾರಣವೂ ಹೊಸತು. ಯಾವ ಬಾವಲಿಯೂ ಕಚ್ಚಲಿಲ್ಲ. ಸ್ಪ್ಯಾನಿಷ್ ಜಮೀನ್ದಾರರ ಮನೆಯ ಹುಡುಗ, ತಮ್ಮನನ್ನು ಕೊಂದು, ಆ ಪಾಪ ತಾಳದೆ ತಾನೂ ಸತ್ತ. ಆತ್ಮಹತ್ಯೆ ಮಾಡಿಕೊಂಡವನಿಗೆ ನೆಮ್ಮದಿ ಇಲ್ಲ ಅನ್ನುವ ನಂಬಿಕೆಯಿಂದ ಕಥೆ ಹುಟ್ಟುತ್ತದೆ. ಕೊನೆಗೆ ಪಾದ್ರಿ ಗುಂಡಿಗೆ ಪುಟ್ಟ ಶಿಲುಬೆಯೊಂದನ್ನು ಕೂರಿಸಿಕೊಂಡು ಬೀದಿಗೆ ಇಳಿಯುತ್ತಾನೆ. ನೋಡಿ, ಗುಂಡಿನ ಸಮಸ್ಯೆಗೆ ಗುಂಡಿನಿಂದಲೇ ಉತ್ತರ. ಏಳು ವರ್ಷ ಆದ ಮೇಲೆ ಬಂದ ಬಿಲ್ಲಿಯ ಟೀಮು ಇದನ್ನು ನೋಡಿದ್ದರೂ ಸಾಕಿತ್ತು.

ರೀಲಿನ ಕೆಳಗೆ ಒಬ್ಬ ‘ಕೌಬಾಯ್‌ಗೂ ಡ್ರಾಕುಲಾಗೂ ಎತ್ತಣಿಂದೆತ್ತ ಸಂಬಂಧ, ಏನು ಸೇದಿಕೊಂಡು ಬರೆದರೋ’ ಅಂತ ಕೇಳಿದ್ದಾನೆ. ತಮ್ಮಾ, ಸಂಬಂಧ ಮೂಲ ಪುಸ್ತಕದಲ್ಲೇ ಇದೆ. 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಕ್ವಿನ್ಸಿ ಮಾರಿಸ್ ಅನ್ನುವ ಟೆಕ್ಸಾಸ್‌ನವನಿದ್ದಾನೆ. ಡ್ರಾಕುಲಾನ ಎದೆಗೆ ಕೊನೆಗೆ ಇಳಿಯುವುದು ಸಿನಿಮಾಗಳಲ್ಲಿ ಕಾಣುವ ಮರದ ಗೂಟ ಅಲ್ಲ, ಈ ಟೆಕ್ಸಾಸ್ ಮನುಷ್ಯನ ಬೋವಿ ಅನ್ನುವ ದೊಡ್ಡ ಚಾಕು. ಕುತ್ತಿಗೆಗೆ ಬೀಳುವುದು ಕಥಾನಾಯಕ ಹಾರ್ಕರ್‌ನ ಕುಕ್ರಿ, ನಮ್ಮ ಗೂರ್ಖಾಗಳ ಕುಕ್ರಿ. ಸಿನಿಮಾದವರು ಮಾತ್ರ ಈ ಕ್ವಿನ್ಸಿಯನ್ನು ಹೆಚ್ಚಾಗಿ ಕತ್ತರಿಸಿ ಬಿಸಾಕಿದರು. ಪುಸ್ತಕ ಓದದೆ ಕಾಮೆಂಟ್ ಹಾಕುವುದು ಈಗ ರಾಷ್ಟ್ರೀಯ ಕ್ರೀಡೆ, ಇರಲಿ.

ಇನ್ನು ‘ನಿಯರ್ ಡಾರ್ಕ್’. 1987. ಇದರ ಬಗ್ಗೆ ನಾನು ಶುರುಮಾಡಿದರೆ ಮನೆಯವರು ಎದ್ದು ಒಳಗೆ ಹೋಗುತ್ತಾರೆ. ಆದರೂ ಬರೆಯುತ್ತೇನೆ. ನಿರ್ದೇಶಕಿ ಕ್ಯಾಥರಿನ್ ಬಿಗಲೋಗೆ ವೆಸ್ಟರ್ನ್ ಮಾಡುವ ಆಸೆ. ಆ ಕಾಲಕ್ಕೆ ವೆಸ್ಟರ್ನ್‌ಗೆ ದುಡ್ಡು ಹಾಕುವವರು ಇರಲಿಲ್ಲ. ಬರಹಗಾರ ಎರಿಕ್ ರೆಡ್ ಜೊತೆ ಕೂತು ಅದಕ್ಕೆ ವ್ಯಾಂಪೈರನ್ನು ಸೇರಿಸಿದಳು. ಸುಮಾರು 50 ಲಕ್ಷ ಡಾಲರ್ ಸಿಕ್ಕಿತು. ನಮ್ಮ ಲೆಕ್ಕಕ್ಕೆ ದೊಡ್ಡದೇ, ಹಾಲಿವುಡ್ ಲೆಕ್ಕಕ್ಕೆ ಚಿಲ್ಲರೆ. ಓಕ್ಲಹೋಮಾದ ಹಳ್ಳಿ ಹುಡುಗ, ರಾತ್ರಿ ಸಿಕ್ಕ ಹುಡುಗಿ, ಅವಳ ಜೊತೆ ಊರೂರು ಅಲೆಯುವ ಒಂದು ರಕ್ತದ ಕುಟುಂಬ. ಕೋಟೆ ಇಲ್ಲ, ಶವಪೆಟ್ಟಿಗೆ ಇಲ್ಲ. ಕಿಟಕಿಗೆಲ್ಲ ಮುಚ್ಚಿಗೆ ಹಾಕಿದ ಕದ್ದ ಗಾಡಿಯೇ ಮನೆ. ಆ ಕುಟುಂಬದಲ್ಲಿ ಒಬ್ಬನಾದ ಬಿಲ್ ಪ್ಯಾಕ್ಸ್‌ಟನ್‌ನ ಬೂಟಿಗೆ ಕುದುರೆ ತಿವಿಯುವ ಸ್ಪರ್ ಇದೆ, ಕುದುರೆ ಮಾತ್ರ ಇಲ್ಲ. ಆ ಸ್ಪರ್‌ನಿಂದಲೇ ಬಾರಿನಲ್ಲಿ ಒಬ್ಬನ ಕತ್ತು ಸೀಳುತ್ತಾನೆ.

ಮತ್ತೆ ಆ ಮೋಟೆಲ್ (ಹೆದ್ದಾರಿ ಬದಿಯ ಲಾಡ್ಜ್) ದೃಶ್ಯ. ಹಗಲು. ಒಳಗೆ ಪರದೆ ಎಳೆದುಕೊಂಡು ವ್ಯಾಂಪೈರ್ ಕುಟುಂಬ. ಹೊರಗೆ ಪೊಲೀಸರು. ಗುಂಡು ಹಾರುತ್ತದೆ. ಗುಂಡು ತಾಗಿದರೆ ಇವರಿಗೆ ಏನೂ ಇಲ್ಲ. ಆದರೆ ಪ್ರತಿ ಗುಂಡೂ ಗೋಡೆಯಲ್ಲಿ ಒಂದು ತೂತು ಮಾಡುತ್ತದೆ. ಪ್ರತಿ ತೂತಿನಿಂದಲೂ ಒಂದು ಬಿಸಿಲ ಕೋಲು ಒಳಗೆ ಬರುತ್ತದೆ. ಅದು ತಾಗಿದಲ್ಲಿ ಮೈ ಸುಡುತ್ತದೆ! ಗುಂಡಿಗೆ ಹೆದರದವರು ಗುಂಡಿನ ತೂತಿಗೆ ಹೆದರಿ ನೆಲದ ಮೇಲೆ ಹೊರಳಾಡುತ್ತಾರೆ. ಬಿಸಿಲು, ಗುಂಡು, ಎರಡು ಸಮಸ್ಯೆಗೂ ಒಂದೇ ಏಟಿಗೆ ಉತ್ತರ. ನಾನು ಸೆಟ್ಟಿನವನಾದ್ದರಿಂದ ಮೊದಲು ಲೆಕ್ಕ ಹಾಕುವುದು ಇದನ್ನೇ: ಇದಕ್ಕೆ ಬೇಕಾದದ್ದೇನು? ತೂತು ಕೊರೆದ ಗೋಡೆ, ಅದರ ಹಿಂದೆ ಜೋರು ಲೈಟು, ಒಳಗೆ ಒಂದಿಷ್ಟು ಹೊಗೆ. ಹೊಗೆ ಇಲ್ಲದಿದ್ದರೆ ಬೆಳಕಿನ ಕೋಲು ಕ್ಯಾಮೆರಾಗೆ ಕಾಣುವುದಿಲ್ಲ. ಹೊಗೆ ಹಾಕುವ ಹುಡುಗನಿಗೆ ‘ಇನ್ನೊಂಚೂರು, ಇನ್ನೊಂಚೂರು’ ಅಂತ ಕೂಗಿದ ಗಂಟಲು ನನ್ನದು. ಅದು ಎಷ್ಟು ಸರಳ ಸಾಮಾನು ಅಂತ ನನಗೆ ಗೊತ್ತು. ಅದಕ್ಕೇ ಹೊಟ್ಟೆಕಿಚ್ಚು.

ಕೊನೆಯಲ್ಲಿ ರಕ್ತ ಬದಲಾಯಿಸಿದರೆ ವ್ಯಾಂಪೈರ್ ರೋಗ ವಾಸಿ ಅನ್ನುತ್ತಾರೆ. ಅದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಆ ಹುಡುಗನ ದನದ ಡಾಕ್ಟರ್ ಅಪ್ಪ ಕೂತು ಗುಣಪಡಿಸಿಬಿಡುವಷ್ಟು ಸುಲಭವಾದರೆ ಅಷ್ಟು ಹೊತ್ತು ಒದ್ದಾಡಿದ್ದು ಯಾಕೆ? ಇರಲಿ, ಆ ಮೋಟೆಲ್‌ಗೋಸ್ಕರ ಎಲ್ಲ ಮಾಫಿ. ಸಿನಿಮಾ ಓಡಲಿಲ್ಲ. ಅದೇ ವರ್ಷ ಕೆಲವು ತಿಂಗಳ ಮೊದಲು ‘ದಿ ಲಾಸ್ಟ್ ಬಾಯ್ಸ್’ ಬಂದು ಗಲ್ಲಾ ತುಂಬಿಸಿಕೊಂಡು ಹೋಗಿತ್ತು. ಈಕೆಯೇ ಮುಂದೆ 2010ರಲ್ಲಿ ನಿರ್ದೇಶನಕ್ಕೆ ಆಸ್ಕರ್ ತೆಗೆದುಕೊಂಡ ಮೊದಲ ಹೆಂಗಸಾದಳು. ಅವತ್ತು ಎಲ್ಲರೂ ಬಿಗಲೋ ಭಕ್ತರಾದರು, ಅದು ಬೇರೆ ಮಾತು.

‘ಸನ್‌ಡೌನ್: ದಿ ವ್ಯಾಂಪೈರ್ ಇನ್ ರಿಟ್ರೀಟ್’ ಕೂಡ ಇದೇ ಜಾತಿ. ಮರುಭೂಮಿಯ ಊರಲ್ಲಿ ವ್ಯಾಂಪೈರ್‌ಗಳು ಸನ್‌ಸ್ಕ್ರೀನ್ ಬಳಿದುಕೊಂಡು, ಕರೀ ಕನ್ನಡಕ ಹಾಕಿಕೊಂಡು, ನಕಲಿ ರಕ್ತ ಕುಡಿದು ಸಂಸಾರ ಮಾಡುತ್ತಾರೆ. ಜಗಳ ಬಿದ್ದರೆ ಮರದ ಗುಂಡು ಹಾರಿಸುತ್ತಾರೆ. ಗೂಟವನ್ನೇ ಗುಂಡು ಮಾಡಿಬಿಟ್ಟರು, ಭೇಷ್! ಅಲ್ಲಿ ವ್ಯಾಂಪೈರ್‌ಗಳ ನಾಯಕ ಕೌಂಟ್ ಆದವನು ಡೇವಿಡ್ ಕ್ಯಾರಡೈನ್, ಅದೇ ಜಾನ್ ಕ್ಯಾರಡೈನ್‌ನ ಮಗ. ಕೌಬಾಯ್ ಊರಿನಲ್ಲಿ ಅಪ್ಪನಿಗೆ ಸಿಗದ ಮರ್ಯಾದೆ ಮಗನಿಗೆ ಸಿಕ್ಕಿತು. ಕಂಪನಿ ಮುಳುಗಿ ಸಿನಿಮಾ ಸೀದಾ ವಿಡಿಯೋ ಅಂಗಡಿಗೆ ಹೋಯಿತು. ಸ್ವಲ್ಪ ಜಾಸ್ತಿಯೇ ಉದ್ದ, ಮಧ್ಯೆ ಟೀ ಮಾಡಿಕೊಂಡು ಬರಬಹುದು.

‘ಸುಮ್ನೆ ಟೈಂಪಾಸ್‌ಗೆ ನಗ್ತೀವಿ, ಇದಕ್ಕೆಲ್ಲ ಯಾಕಿಷ್ಟು ಭಾಷಣ’ ಅನ್ನುತ್ತೀರಿ. ಗೊತ್ತಿತ್ತು. ನಗಬೇಡಿ ಅಂತ ನಾನು ಎಲ್ಲಿ ಹೇಳಿದೆ? 2007ರಲ್ಲಿ ನಿರ್ದೇಶಕ ಊವೆ ಬೋಲ್ ಬಿಲ್ಲಿ ದಿ ಕಿಡ್‌ನನ್ನೇ ವ್ಯಾಂಪೈರ್ ಮಾಡಿ ‘ಬ್ಲಡ್‌ರೇನ್ 2’ ತೆಗೆದ. ಅದಕ್ಕೆ ನಾನೂ ನಕ್ಕಿದ್ದೇನೆ, ಅರ್ಧಕ್ಕೆ ಎದ್ದೂ ಹೋಗಿದ್ದೇನೆ. ನಗು ಯಾವುದಕ್ಕೆ ಅನ್ನುವುದಷ್ಟೇ ನನ್ನ ತಕರಾರು. ಯೋಚನೆ ಇಲ್ಲದ್ದಕ್ಕೆ ನಗಿ, ನಾನೂ ಸೇರುತ್ತೇನೆ. ಜನರೇಟರ್ ಇಲ್ಲದ್ದಕ್ಕೆ ನಗಬೇಡಿ. ಇದೇನು ಕಷ್ಟದ ಮಾತಲ್ಲವಲ್ಲ?

2014ರ ‘ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್’ ನೋಡಿದವರಿಗೆ ಇಷ್ಟೆಲ್ಲ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನಿರ್ದೇಶಕಿ ಆನಾ ಲಿಲಿ ಅಮೀರ್‌ಪೂರ್ ಕ್ಯಾಲಿಫೋರ್ನಿಯಾದ ಟಾಫ್ಟ್ ಅನ್ನುವ ಎಣ್ಣೆಬಾವಿಯ ಊರನ್ನು ಇರಾನ್ ಮಾಡಿದಳು. ಪರ್ಷಿಯನ್ ಮಾತು, ಕಪ್ಪು ಬಿಳುಪು. ಇರಾನಿ ಹೆಂಗಸರು ಹೊದೆಯುವ ಮಾಮೂಲಿ ಚಾದರ್ ಒಂದನ್ನೇ ತನ್ನ ವ್ಯಾಂಪೈರ್ ಹುಡುಗಿಗೆ ಡ್ರಾಕುಲಾನ ಕೇಪ್ ಮಾಡಿಬಿಟ್ಟಳು. ಬಟ್ಟೆ ಖರ್ಚು ಮುಗಿಯಿತು.

ಇಷ್ಟಾದರೂ ‘ದುಡ್ಡಿದ್ದಿದ್ದರೆ ಚೆನ್ನಾಗಿರೋದು’ ಅನ್ನುವವರು ಇದ್ದೇ ಇರುತ್ತಾರೆ. ದುಡ್ಡು ಹಾಕಿಯೂ ನೋಡಿ ಆಯಿತಲ್ಲ. 2011ರ ‘ಪ್ರೀಸ್ಟ್’. ಮರುಭೂಮಿ, ರೈಲು, ಕರೀ ಹ್ಯಾಟಿನ ವಿಲನ್, ವ್ಯಾಂಪೈರ್‌ಗಳ ಹಿಂಡು, ಮೇಲೆ ತ್ರೀಡಿ ಕನ್ನಡಕ. ಖರ್ಚು ಸುಮಾರು 6 ಕೋಟಿ ಡಾಲರ್. ‘ನಿಯರ್ ಡಾರ್ಕ್’ನಂಥ ಹನ್ನೆರಡು ಸಿನಿಮಾ ಮಾಡಬಹುದಿತ್ತು ಆ ದುಡ್ಡಲ್ಲಿ. ಅದರಲ್ಲಿ ಒಂದೇ ಒಂದು ದೃಶ್ಯ ಸರಿಯಾಗಿ ನೆನಪಿರುವವರು ಕೆಳಗೆ ಬರೆಯಿರಿ. ಗೂಗಲ್ ಮಾಡಬಾರದು. ಗೆದ್ದವರಿಗೆ ಕಾಫಿ ನನ್ನದು, ಜೊತೆಗೆ ವಡೆ ಕೂಡ.