ಮೆಣಸಿನ ಯಂತ್ರಕ್ಕೆ 'ವಿಶ್ವ ಪೇಟೆಂಟ್': ಒಂದು ಸ್ಪಷ್ಟನೆ

"ಚಿಕ್ಕಮಗಳೂರಿನ ಯುವಕರ ಕಾಳುಮೆಣಸು ಬಿಡಿಸುವ ಯಂತ್ರಕ್ಕೆ ವಿಶ್ವ ಪೇಟೆಂಟ್, ಇನ್ನು ಯಾರೂ ಅಂಥದ್ದನ್ನು ತಯಾರಿಸುವಂತಿಲ್ಲ" ಎಂಬ ಸಂದೇಶ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಸಂದೇಶದ ಜೊತೆಗಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅಲ್ಲಿರುವುದು ಅರ್ಜಿ ಸಂಖ್ಯೆ, ಸಲ್ಲಿಸಿದ ದಿನಾಂಕ, ಕಟ್ಟಿದ ಶುಲ್ಕ, ಅಷ್ಟೇ. ಅದು ಅರ್ಜಿಯ ಸ್ವೀಕೃತಿ, ಪೇಟೆಂಟ್ ಅಲ್ಲ; ಹಾಗಾಗಿ ಬೇರೆಯವರನ್ನು ತಡೆಯುವ ಹಕ್ಕು ಅದರಿಂದ ಬರುವುದಿಲ್ಲ. ಅದೂ ತಾತ್ಕಾಲಿಕ ವಿವರಣೆಯೊಂದಿಗೆ ಹಾಕಿದ ಅರ್ಜಿ. 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಸಲ್ಲಿಸಿದ ಮೇಲೂ ಪ್ರಕಟಣೆ, ಪರೀಕ್ಷೆ, ಆಕ್ಷೇಪಗಳಿಗೆ ಉತ್ತರ ಎಲ್ಲವೂ ಮುಗಿಯಬೇಕು. ಮಂಜೂರಾದ ಪೇಟೆಂಟ್‌ಗೆ ಬೇರೆಯೇ ಸಂಖ್ಯೆ ಇರುತ್ತದೆ.

ವಿಶ್ವ ಪೇಟೆಂಟ್ ಎಂಬುದೇ ಇಲ್ಲ. ಪೇಟೆಂಟ್ ಸಹಕಾರಕ್ಕಾಗಿ ಹಲವು ದೇಶಗಳು ಮಾಡಿಕೊಂಡಿರುವ ಪಿಸಿಟಿ ಒಪ್ಪಂದದಡಿ ಒಂದೇ ಅಂತರರಾಷ್ಟ್ರೀಯ ಅರ್ಜಿ ಹಾಕಬಹುದು, ನಿಜ. ಕೊಡುವುದು ಬಿಡುವುದು ಆಯಾ ದೇಶದ ಅಥವಾ ಪ್ರದೇಶದ ಪೇಟೆಂಟ್ ಕಚೇರಿಗೆ ಸೇರಿದ್ದು. ಭಾರತದ ಪೇಟೆಂಟ್ ಮೆಣಸು ಬೆಳೆಯುವ ವಿಯೆಟ್ನಾಂನಲ್ಲಿ ನಡೆಯುವುದಿಲ್ಲ.

ಅದೇ ಸಂದೇಶದ "2023ರಲ್ಲಿ ಭಾರತೀಯರಿಗೆ 64 ಸಾವಿರ ಪೇಟೆಂಟ್" ಎಂಬ ಸಾಲೂ ತಪ್ಪು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ವರದಿಯಲ್ಲಿರುವ 64,480, ಭಾರತದಲ್ಲಿ ಸಲ್ಲಿಕೆಯಾದ ಅರ್ಜಿಗಳ ಸಂಖ್ಯೆ, ವಿದೇಶಿಯರವೂ ಅದರಲ್ಲಿವೆ. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಇಲ್ಲಿಯವರದೇ ಎಂಬುದು ನಿಜಕ್ಕೂ ಹೇಳಿಕೊಳ್ಳುವಂಥ ಸುದ್ದಿ. ಸಂದೇಶದಲ್ಲಿ ಅದೇ ಇಲ್ಲ!

ಯಂತ್ರ ಚೆನ್ನಾಗಿರಬಹುದು, ಅದು ಬೇರೆ ಮಾತು. ಈ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಅರ್ಜಿ ಪ್ರಕಟವಾದ ಬಳಿಕ ಅದರ ಸ್ಥಿತಿಯನ್ನು ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು.