ಹತ್ತಕ್ಕೆ ಹತ್ತೂವರೆ

ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂವರೆ ಅಂಕ ತೆಗೆದವರನ್ನು ಕಂಡಿದ್ದೀರಾ? ಅಮೆರಿಕದ ಈರಿ ಸರೋವರ ತೆಗೆದಿದೆ. ವಿಷಯ, ಪಾಚಿ. ಪರೀಕ್ಷಕರು, ಅಲ್ಲಿನ ಹವಾಮಾನ ಮತ್ತು ಸಾಗರ ಸಂಸ್ಥೆ ನೋವಾ. 2011ರಲ್ಲಿ ಸರೋವರದ ಪಶ್ಚಿಮ ಭಾಗ ಹಸಿರು ಬಣ್ಣದ ಡಬ್ಬ ಮಗುಚಿದ ಹಾಗಾಗಿತ್ತು. ಆ ವರ್ಷದ ಪಾಚಿ 10 ಎಂದಾಯಿತು. 2015ರಲ್ಲಿ ಸರೋವರ 10.5 ತೆಗೆಯಿತು. ಗ್ರೇಸ್ ಮಾರ್ಕ್ಸ್ ಇಲ್ಲ, ಮರುಮೌಲ್ಯಮಾಪನ ಇಲ್ಲ, ಸ್ವಂತ ಪ್ರತಿಭೆ.

ಪ್ರತಿ ವರ್ಷ ಜೂನ್ ಕೊನೆಗೋ ಜುಲೈ ಆರಂಭಕ್ಕೋ ಈ ಅಂಕಗಳ ಮುನ್ಸೂಚನೆ ಹೊರಬೀಳುತ್ತದೆ, ನಮ್ಮಲ್ಲಿ ಯುಗಾದಿಗೆ ಪಂಚಾಂಗ ಓದುವಂತೆ. ವ್ಯತ್ಯಾಸವೆಂದರೆ ಇದು ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಮಾರ್ಚ್‌ನಿಂದ ಜುಲೈವರೆಗೆ ಸರೋವರ ಸೇರುವ ಮಾಮೀ ನದಿ (ಯಾರ ಮನೆಯ ಮಾಮಿಯೂ ಅಲ್ಲ) ಹೊಲಗಳಿಂದ ಎಷ್ಟು ರಂಜಕ, ಅಂದರೆ ಪಾಚಿಯ ಊಟವಾದ ಗೊಬ್ಬರದ ಫಾಸ್ಫರಸ್, ಹೊತ್ತು ತರುತ್ತದೆಂದು ಅಳೆದರೆ ಆಗಸ್ಟ್‌ನ ಪಾಚಿಯ ಲೆಕ್ಕ ಸಿಗುತ್ತದೆ. ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಲ್ಲವೂ ಗೊತ್ತು. ಗೊತ್ತಿರುವುದರಿಂದಲೇ ಇರಬೇಕು, ಯಾರಿಗೂ ಅವಸರವಿಲ್ಲ.

2014ರಲ್ಲಿ ಸರೋವರ ತೆಗೆದದ್ದು ಬರೀ 6.5. ಫಸ್ಟ್ ಕ್ಲಾಸ್ ಅಷ್ಟೇ, ಡಿಸ್ಟಿಂಕ್ಷನ್ ಕೂಡ ಅಲ್ಲ. ಆದರೆ ಗಾಳಿ ಆ ಪಾಚಿಯನ್ನೆಲ್ಲ ಓಹಾಯೊ ರಾಜ್ಯದ ಟೊಲೆಡೊ ನಗರಕ್ಕೆ ನೀರೆಳೆಯುವ ಕಡೆಗೇ ತಳ್ಳಿಕೊಂಡು ಬಂತು. ಆಗಸ್ಟ್ 2ರ ನಸುಕಿಗೆ ಮುಂಚೆ ನಗರಾಡಳಿತ ಸಾರಿತು: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂಬೇಡಿ. ಸುಮಾರು ನಾಲ್ಕೈದು ಲಕ್ಷ ಜನ ಬಾಟಲಿ ನೀರಿಗೆ ಅಂಗಡಿ ಅಂಗಡಿ ಅಲೆದರು.

‘ಕುದಿಸಬೇಡಿ’ ಎಂಬುದು ಜೀರಿಗೆ ಹಾಕಿ ಕುದಿಸಿದರೆ ಸರ್ವರೋಗವೂ ವಾಸಿ ಎಂದು ನಂಬಿದ ನಮ್ಮಂಥವರಿಗೆ ಜೀರ್ಣವಾಗುವ ಮಾತಲ್ಲ. ಲೆಕ್ಕ ನೋಡಿ. ನೀಲಿ-ಹಸಿರು ಪಾಚಿ ಬಿಡುವ ಮೈಕ್ರೋಸಿಸ್ಟಿನ್ ಯಕೃತ್ತಿಗೆ ವಿಷ, ಅದು ಕುದಿಗೆ ಜಗ್ಗುವುದಿಲ್ಲ. ಹತ್ತು ಲೀಟರ್ ನೀರಲ್ಲಿ ಹತ್ತು ಮೈಕ್ರೋಗ್ರಾಂ ಇತ್ತೆನ್ನಿ. ಕುದಿಸಿ ಒಂಬತ್ತು ಲೀಟರ್ ಉಳಿಸಿದಿರಿ. ನೀರು ಹೋಯಿತು, ವಿಷ ಹಾಗೇ ಉಳಿಯಿತು. ಲೀಟರಿಗೆ 1 ಇದ್ದದ್ದು 1.1 ಆಯಿತು. ಬತ್ತಿಸಿದ ಕಷಾಯ! ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಅಂದರೆ 12 ಸಾವಿರ ಲೀಟರಿನ ಟ್ಯಾಂಕರ್ 83 ನಿಲ್ಲಿಸಿ, ಎಲ್ಲಕ್ಕೂ ಸೇರಿ ಒಂದೇ ಒಂದು ಗ್ರಾಂ.

ಪಾಚಿ ಕಂಡ ಕೂಡಲೇ ‘ಔಷಧಿ ಹೊಡೆಯಿರಿ’ ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ನೀರು ವಾಸನೆ ಎಂದು ಜನ ದೂರಿದರು, ಸೊಲೊಮನ್ ಅಣೆಕಟ್ಟೆಗೆ ಮೈಲುತುತ್ತ ಸುರಿದರು. ಅಡಿಕೆಗೆ ಬೋರ್ಡೋ ಹೊಡೆಯಲು ಸುಣ್ಣದ ಜೊತೆ ಬೆರೆಸುತ್ತೇವಲ್ಲ, ಅದೇ. ಪಾಚಿ ಸತ್ತಿತು. ಸಾಯುವಾಗ ಕೋಶ ಒಡೆದು ಒಳಗಿದ್ದ ವಿಷವನ್ನೆಲ್ಲ ನೀರಿಗೆ ಬಿಟ್ಟು ಸತ್ತಿತು. 138 ಮಕ್ಕಳೂ 10 ದೊಡ್ಡವರೂ ಹಾಸಿಗೆ ಹಿಡಿದರು. ಆಗ ಅದಕ್ಕೆ ಇಟ್ಟ ಹೆಸರು ‘ನಿಗೂಢ ರೋಗ’.

ಶುದ್ಧೀಕರಣ ಘಟಕದವರ ಪಾಡೂ ಇದೇ. ವಿಷ ಬಹುಪಾಲು ಕೋಶದೊಳಗೆ ಪೊಟ್ಟಣ ಕಟ್ಟಿಕೊಂಡು ಕೂತಿರುತ್ತದೆ. ಪೊಟ್ಟಣ ಒಡೆಯದಂತೆ ಆಲಂ ಹಾಕಿ, ಗಡ್ಡೆಗಟ್ಟಿಸಿ, ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ ಇಡಿಯಾಗಿ ಆಚೆ ಹಾಕಬೇಕು. ಗಾಬರಿಬಿದ್ದು ನೀರು ಒಳಬರುವಲ್ಲೇ ಕ್ಲೋರಿನ್ನೋ ಪರ್ಮ್ಯಾಂಗನೇಟೋ ಜಾಸ್ತಿ ಬಿಟ್ಟರೆ ಪೊಟ್ಟಣ ಢಮಾರ್. ಆಮೇಲೆ ಬಿಡುಗಡೆಯಾದ ವಿಷವನ್ನು ಹೀರಲು ಇದ್ದಿಲ ಪುಡಿ ಸುರಿಯಬೇಕು. ಕೊನೆಯ ಕ್ಲೋರಿನ್ನೂ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8ಕ್ಕಿಂತ ಕೆಳಗಿದ್ದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಪಾಚಿ ಬೆಳೆದಷ್ಟೂ ನೀರಿನ ಪಿಎಚ್ ಏರುತ್ತದೆ ಎಂಬುದು ಪಾಚಿಗೆ ಗೊತ್ತಿದ್ದೇ ಮಾಡುತ್ತದೋ ಏನೋ.

ಟೊಲೆಡೊದಲ್ಲಿ ಆಗಸ್ಟ್ 4ರಂದು ನಿರ್ಬಂಧ ತೆಗೆದರು. ಮೇಯರ್ ಸಾಹೇಬರು ಕ್ಯಾಮೆರಾಗಳ ಮುಂದೆ ಒಂದು ಲೋಟ ನಲ್ಲಿ ನೀರು ಕುಡಿದು ತೋರಿಸಿದರು. ಮೈಕ್ರೋಗ್ರಾಂ ಲೆಕ್ಕದ ವಿಷಕ್ಕೆ ಒಂದು ಲೋಟದ ಪುರಾವೆ. ಈ ಪ್ರಯೋಗಾಲಯ ವಿಧಾನ ನಮಗೂ ಚೆನ್ನಾಗಿ ಗೊತ್ತು. ತುಂಗಭದ್ರಾ ಜಲಾಶಯದ ನೀರು ಹಸಿರಾಯಿತೆಂದರೆ ಮೊದಲು ಹುಡುಕುವುದು ಲೋಟವನ್ನು.

ಹಾಗಾದರೆ ರಂಜಕದ ಗತಿ? ಅಲ್ಲಿ ಕಾನೂನಿನ ಸೊಬಗು ಶುರುವಾಗುತ್ತದೆ. ಕಾರ್ಖಾನೆಯ ಪೈಪಿನಿಂದ ಬಂದರೆ ಅದು ಮಾಲಿನ್ಯ, ಪರವಾನಗಿ ಬೇಕು. ಮಳೆ ಬಂದು ಹೊಲದಿಂದ ಕೊಚ್ಚಿಕೊಂಡು ಬಂದರೆ ಅದು ಕೃಷಿಯ ಮಳೆನೀರು, ಅಮೆರಿಕದ ಜಲ ಕಾಯ್ದೆಯಲ್ಲಿ ವಿನಾಯಿತಿ. ಆ ಹೊಲಗಳ ಅಡಿಯಲ್ಲಿ ಬಸಿನೀರಿಗೆಂದು ಸಾಲುಸಾಲು ಪೈಪ್ ಹೂತಿದ್ದಾರೆ, ಕರಗಿದ ರಂಜಕ ಅದರಲ್ಲೇ ಸಲೀಸಾಗಿ ಹಳ್ಳ ಸೇರುತ್ತದೆ. ಆದರೆ ಕಾನೂನಿನ ಕಣ್ಣಿಗೆ ಆ ಪೈಪ್ ಪೈಪಲ್ಲ. ಹಂದಿ, ಕೋಳಿ, ಹಸುಗಳ ಗೊಬ್ಬರದ ಗುಡ್ಡೆಯೂ ಹೊಲಕ್ಕೆ ಬಿದ್ದ ಮೇಲೆ ಪೋಷಕಾಂಶ. ರೈತರು ಸ್ವಯಂಪ್ರೇರಿತರಾಗಿ ಕಡಿಮೆ ಮಾಡಲಿ ಎಂಬುದೇ ಹೆಚ್ಚುಕಡಿಮೆ ನೀತಿ. ಹೆಲ್ಮೆಟ್ಟನ್ನು ಸ್ವಯಂಪ್ರೇರಣೆಗೆ ಬಿಟ್ಟಿದ್ದರೆ ಎಷ್ಟು ತಲೆ ಉಳಿಯುತ್ತಿದ್ದವು, ಊಹಿಸಿಕೊಳ್ಳಿ.

ವಿಚಿತ್ರವೆಂದರೆ ಇದೇ ಈರಿ ಒಮ್ಮೆ ಗುಣವಾಗಿತ್ತು. 1960ರ ದಶಕದಲ್ಲಿ ‘ಸತ್ತ ಸರೋವರ’ ಎನಿಸಿಕೊಂಡದ್ದು, 1972ರಲ್ಲಿ ಅಮೆರಿಕ–ಕೆನಡ ಒಪ್ಪಂದವಾಗಿ, ಚರಂಡಿ ನೀರಿನ ಘಟಕಗಳಿಗೂ ಬಟ್ಟೆ ಸೋಪಿನ ಪುಡಿಗೂ ರಂಜಕದ ಕಡಿವಾಣ ಬಿದ್ದ ಮೇಲೆ 80ರ ದಶಕದಲ್ಲಿ ತಿಳಿಯಾಯಿತು. ಕಡ್ಡಾಯ ಮಾಡಿದರೆ ಕೆಲಸವಾಗುತ್ತದೆಂದು ತಿಳಿದುಹೋದದ್ದೇ ತಪ್ಪಾಯಿತು, ಮತ್ತೆ ಯಾರೂ ಆ ತಂಟೆಗೆ ಹೋಗಲಿಲ್ಲ.

ಬೇಸತ್ತ ಟೊಲೆಡೊ ಮತದಾರರು 2019ರ ಫೆಬ್ರುವರಿಯಲ್ಲಿ ಸರೋವರಕ್ಕೇ ಬದುಕುವ ಹಕ್ಕು ಕೊಟ್ಟರು. ಮರುದಿನವೇ ಒಂದು ಫಾರ್ಮ್ ಕೋರ್ಟಿಗೆ ಹೋಯಿತು. ಅದೇ ವರ್ಷ ರಾಜ್ಯದ ಬಜೆಟ್ ಮಸೂದೆಯೊಳಗೆ ಪ್ರಕೃತಿ ದಾವೆ ಹೂಡುವಂತಿಲ್ಲ ಎಂಬ ಸಾಲೂ ಸೇರಿತು. 2020ರಲ್ಲಿ ನ್ಯಾಯಾಲಯ ಆ ಹಕ್ಕು ತೀರಾ ಅಸ್ಪಷ್ಟ ಎಂದು ರದ್ದುಮಾಡಿತು. ಪಾಚಿಯಂತೂ ಉಪಗ್ರಹದಿಂದಲೂ ಸ್ಪಷ್ಟವಾಗಿ ಕಾಣುತ್ತದೆ.

2015ರಲ್ಲಿ ಸರೋವರದ ದಡದ ಓಹಾಯೊ, ಮಿಶಿಗನ್, ಕೆನಡದ ಒಂಟಾರಿಯೊ ಮೂವರೂ ಸಹಿ ಹಾಕಿದ್ದರು: 2025ರೊಳಗೆ ರಂಜಕ ಶೇ. 40 ಇಳಿಕೆ. 2025 ಬಂತು, ಹೋಯಿತು. ರಂಜಕ ಅಷ್ಟು ಇಳಿಯಲಿಲ್ಲ. ಟೊಲೆಡೊ ಘಟಕಕ್ಕೆ ಮಾತ್ರ ಸೆನ್ಸರ್ ತೇಲುಬುರುಡೆ, ಹೆಚ್ಚುವರಿ ಇದ್ದಿಲು, ಓಝೋನ್ ಎಲ್ಲ ಬಂದವು. ಖರ್ಚು ನಗರದವರ ನೀರಿನ ಬಿಲ್ಲಿನಲ್ಲಿ. ಹಂದಿಗಳಿಗೆ ಬಿಲ್ ಬರುವುದಿಲ್ಲ.